ಹಳದಿ ಬಿನ್ನಿನಲ್ಲಿ ಸಿಕ್ಕ ನಕ್ಷೆಗಳು

ಪರ್ತ್‌ನ ಕ್ಯಾನಿಂಗ್ ವೇಲ್‌ನ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಬಾಡಿಗೆ ಕರಾರಿನಲ್ಲಿ ಹಾಗೆಂದು ಬರೆದಿತ್ತು. ಅಪ್ಪ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ್ದರು. ಹಾಗಾಗಿ ಮೈಸೂರಿನಿಂದ ತರಿಸಿದ ಕ್ಯಾಲೆಂಡರ್ ಸೋಫಾದ ಮೇಲೆ ಒರಗಿ ಕೂತಿರುತ್ತಿತ್ತು. ಏಕಾದಶಿ ಯಾವತ್ತು ಎಂದು ನೋಡಬೇಕಾದರೆ ಅದನ್ನು ಕಂಕುಳಿಗೆ ಎತ್ತಿಕೊಳ್ಳಬೇಕು. ದೇವರು ಟವೆಲ್ಲು, ಬೆಡ್‌ಶೀಟು ಇಡುವ ಬೀರುವಿನ ಮಧ್ಯದ ಖಾನೆಯಲ್ಲಿ ಇದ್ದ. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಬೊಬ್ಬೆ ಹೊಡೆಯುತ್ತಿದ್ದುದರಿಂದ ಸಾಸಿವೆ ಸಿಡಿಯುವ ಮೊದಲೇ ಅಪ್ಪ ಅದರ ಕೆಳಗೆ ಟೀ ಟವೆಲ್ ಬೀಸುತ್ತ ನಿಂತಿರುತ್ತಿದ್ದರು. ಮೂರು ತಿಂಗಳಿಗೊಮ್ಮೆ ಏಜೆಂಟ್ ಹೆಂಗಸು ತಪಾಸಣೆಗೆ ಬರುವ ದಿನ ಅಮ್ಮ ನನ್ನನ್ನೂ ಒರೆಸಿ ಒಂದು ಮೂಲೆಯಲ್ಲಿ ನಿಲ್ಲಿಸುತ್ತಿದ್ದಳು. ಗ್ಯಾರೇಜಿನಲ್ಲಿ ಬಿಚ್ಚದ ರಟ್ಟಿನ ಡಬ್ಬಗಳಿದ್ದವು. ಹೇಗೂ ಹೊರಡುವವರು, ಯಾಕೆ ಬಿಚ್ಚುವುದು ಎಂಬುದು ಅಪ್ಪನ ವಾದ. ಹಾಗೆ ಪರ್ತ್‌ನಿಂದ ಅಡಿಲೇಡ್‌ಗೆ ಹೋದೆವು, ಅಲ್ಲಿಂದ ಬ್ರಿಸ್ಬೇನ್‌ಗೆ ಬಂದೆವು. ಇಂದಿಗೂ ನಾನು ಒಂದು ಕುರ್ಚಿಯಲ್ಲಿ ಅರ್ಧ ಗಂಟೆ ಕೂರಲಾರೆ. ನನ್ನ ಗಂಡ ಅದನ್ನು ಚಟ ಎನ್ನುತ್ತಾನೆ. ಅವನು ಆ ಮನೆಯಲ್ಲಿ ಬೆಳೆದವನಲ್ಲ.

ಆ ಮನೆಯ ಚಡಪಡಿಕೆಗೆ ಊಟದ ಮೇಜಿನ ಮೇಲೆ ಇನ್ನೊಂದು ಕಾರಣವಿತ್ತು. ಅಮ್ಮ ಮೈಸೂರಿನಲ್ಲಿ ಡಾಕ್ಟರ್. ಇಲ್ಲಿ ಡಾಕ್ಟರ್ ಆಗಬೇಕಾದರೆ ಮತ್ತೆ ಪರೀಕ್ಷೆ ಕಟ್ಟಬೇಕಿತ್ತು. ಮೊದಲ ಸಲ ಅವಳು ಪಾಸಾಗಲಿಲ್ಲ. ಆಮೇಲೆ ‘ಫೇಲ್’ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ‘ಹೋದ ಸಲ’ ಎನ್ನುತ್ತಿದ್ದೆವು. ಮೇಜಿನ ಅರ್ಧಭಾಗ ಅವಳ ಪುಸ್ತಕಗಳಿಗೆ, ಉಳಿದರ್ಧದಲ್ಲಿ ಮೂವರ ತಟ್ಟೆಗಳು. ಗಣಿ ಯಂತ್ರಗಳ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅಪ್ಪನಿಗೆ ಅವಳನ್ನು ಪರೀಕ್ಷೆಗೆ ತಯಾರು ಮಾಡುವುದು ಹೇಳಿ ಮಾಡಿಸಿದ ಕೆಲಸ. ಕಾಲೇಜಿನ ದಿನಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಜಾಲಾಡಿ, ಈ ವರ್ಷ ಇಂಥದ್ದೇ ಬರುತ್ತದೆ ಎಂದು ಗುರುತು ಹಾಕಿಕೊಡುವುದರಲ್ಲಿ ಅವರು ಹಾಸ್ಟೆಲಿಗೆಲ್ಲ ಹೆಸರುವಾಸಿಯಂತೆ. ಈಗ ಅಮ್ಮನಿಗೆ ಗುರುತು ಹಾಕಿಕೊಡುತ್ತಿದ್ದರು. ಅವಳು ಚಪಾತಿ ಲಟ್ಟಿಸುತ್ತಿದ್ದರೆ ಇವರು ಕೈಗಡಿಯಾರ ನೋಡುತ್ತ ಹೃದ್ರೋಗದ ಬಗ್ಗೆ ಪ್ರಶ್ನೆ ಎಸೆಯುತ್ತಿದ್ದರು. ಉತ್ತರ ತಪ್ಪಿದರೆ ಚಪಾತಿ ನಕ್ಷೆಯಾಗುತ್ತಿತ್ತು, ನಾವು ಅದನ್ನೇ ತಿನ್ನುತ್ತಿದ್ದೆವು.

ನಮ್ಮ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ಕಂಬದ ಆಚೆ, ಒಂದು ಕೋಣೆಯ ಗ್ರ್ಯಾನಿ ಫ್ಲ್ಯಾಟ್ ಇತ್ತು. ಮನೆ ಮಾಲೀಕ ಅದನ್ನು ಅರಿಮೊತೊ ಎಂಬ ಜಪಾನಿ ಮುದುಕರಿಗೆ ಬೇರೆಯಾಗಿ ಬಾಡಿಗೆಗೆ ಕೊಟ್ಟಿದ್ದ. ಅವರು ವಿಡಿಯೊ ಗೇಮ್‌ಗಳನ್ನು ರಚಿಸುವವರು. ಒಸಾಕಾದ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಅದನ್ನೇ ಮಾಡಿ, ನಿವೃತ್ತರಾಗಿ, ಪಕ್ಕದ ಬಡಾವಣೆ ಸದರ್ನ್ ರಿವರ್‌ನಲ್ಲಿದ್ದ ಮಗಳ ಹತ್ತಿರ ಇರೋಣವೆಂದು ಬಂದಿದ್ದರು. ಮಗಳ ಮನೆಯಲ್ಲಿ ಮೂವರು ಮಕ್ಕಳ ಗಲಾಟೆಯಲ್ಲಿ ಕೆಲಸ ಸಾಗದೆ ಈ ಕೋಣೆ ಹಿಡಿದಿದ್ದರು. ಯಾಕೆಂದರೆ ಹಳೆಯ ಕಂಪನಿ ಕೊನೆಯದಾಗಿ ಒಂದು ಆಟ ಮಾಡಿಕೊಡಿ ಎಂದು ಕೇಳಿತ್ತು. ಮಕ್ಕಳಿಗಾಗಿ, ಕೈಯಲ್ಲಿ ಹಿಡಿದು ಆಡುವಂಥದ್ದು. ಇದು ಚೆನ್ನಾಗಿ ಬಂದರೆ ಅವರ ಹೆಸರಲ್ಲಿ ಅಂಗಡಿಗೆ ಹೋಗುತ್ತದೆ, ಇಲ್ಲದಿದ್ದರೆ ಇನ್ನೊಂದು ಕೊಡುವುದಿಲ್ಲ. ಇದನ್ನು ಅವರೇ ಅಮ್ಮನಿಗೆ ಹೇಳಿದ್ದು, ನಗುತ್ತ ಹೇಳಿದ್ದು. ಅವರ ಇಂಗ್ಲಿಷ್ ನಾಲ್ಕು ಮಾತಿಗೆ ಮುಗಿಯುತ್ತಿತ್ತು. ನಾನಿಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪ್ರತಿ ಬುಧವಾರ ಅವರಿಗೆ ನಮ್ಮಲ್ಲಿ ಊಟ. ಒಂಟಿ ಜೀವ, ಏನು ತಿನ್ನುತ್ತಾರೋ ಎಂಬ ಅಮ್ಮನ ಸಂಕಟದಿಂದ ಶುರುವಾದದ್ದು. ಮೊದಲ ಬುಧವಾರ ಹುರುಳಿಕಾಯಿ ಹುಳಿ ತಿಂದು ಅವರ ಮೂಗು, ಕಣ್ಣು ಎರಡೂ ಸುರಿದವು. ಹೇಗಿದೆ ಎಂದಾಗ ಎರಡು ಕೈ ತೊಡೆಯ ಮೇಲಿಟ್ಟು ತಲೆ ಬಾಗಿಸಿ, ಬಹಳ ರುಚಿ ಎಂದರು. ಅಮ್ಮ ಹಿಗ್ಗಿ ಮುಂದಿನ ವಾರ ಇನ್ನೆರಡು ಮೆಣಸಿನಕಾಯಿ ಹಾಕಿದಳು. ಅವರು ಇನ್ನೂ ತಗ್ಗಿ ತಲೆ ಬಾಗಿಸಿದರು. ಹೀಗೆ ಮೆಣಸಿನಕಾಯಿಯೂ ಅವರ ತಲೆಯೂ ಏರಿಳಿಯುತ್ತ ಎರಡು ತಿಂಗಳು ಹೋಯಿತು. ಕೊನೆಗೊಂದು ದಿನ ನಾನು ಕೂಗಿಬಿಟ್ಟೆ.

“ಅಮ್ಮಾ, ಹೀ ಈಸ್ ಕ್ರೈಯಿಂಗ್!”

“ಶ್! ಹಾಗೆಲ್ಲ ಹೇಳ್ಬಾರ್ದು ಪುಟ್ಟಿ, ಅವರ ಮನಸ್ಸಿಗೆ ಬೇಜಾರಾಗುತ್ತೆ” ಎಂದು ಅಮ್ಮ ಕನ್ನಡದಲ್ಲೇ ಗದರಿದಳು.

ನನ್ನ ಹೆಸರು ಸ್ಮಿತಾ, ಆದರೆ ಮನೆಯಲ್ಲಿ ಪುಟ್ಟಿ. ಬೇಜಾರು ಮಾಡಬಾರದು ಎಂಬ ಈ ಒಂದು ವಿಷಯದಲ್ಲಿ ಮೈಸೂರಿಗೂ ಒಸಾಕಾಕ್ಕೂ ಪೂರ್ತಿ ಒಮ್ಮತವಿತ್ತು. ಅದರಿಂದಲೇ ಮುಂದಿನ ಅನಾಹುತವೂ ಆಯಿತು. ಹುಳಿಯಲ್ಲಿ ಹೋದದ್ದು ಮೂಗಿನ ನೀರು ಮಾತ್ರ, ಆಟದಲ್ಲಿ ಹೋದದ್ದು ಒಬ್ಬ ಮನುಷ್ಯನ ಕೊನೆಯ ಕೆಲಸ.

ಒಂದು ಬುಧವಾರ ಮೊಸರನ್ನ ಮುಗಿಸಿ ಅವರು ಅಪ್ಪನ ಅನುಮತಿ ಕೇಳಿದರು. ಶನಿವಾರ ಸಂಜೆ ನಾಲ್ಕಕ್ಕೆ ನಾನು ಅವರ ಕೋಣೆಗೆ ಬಂದು ಆಟ ಆಡಬಹುದೇ? ವಾರಕ್ಕೊಂದು ಹೊಸ ಮಹಡಿ, ಅಂದರೆ ಆಟದ ಒಂದು ಹಂತ, ಬರೆಯುತ್ತಾರೆ. ನಾನು ಆಡುವಾಗ ಅವರು ಹಿಂದೆ ಕೂತು, ಗಡಿಯಾರ ಇಟ್ಟುಕೊಂಡು, ನೋಡಿ ಬರೆದುಕೊಳ್ಳುತ್ತಾರೆ.

“ನಾನು ಮಾತಾಡಲ್ಲ. ಸಹಾಯ ಮಾಡಲ್ಲ. ಮಗು ಎಲ್ಲಿ ನಿಲ್ಲುತ್ತೋ, ಅಲ್ಲಿ ನನ್ನ ತಪ್ಪು ಇದೆ” ಎಂದರು.

ಅಪ್ಪ ‘ಶೂರ್, ಶೂರ್’ ಎಂದರು. ಆದರೆ ಆ ಕೊನೆಯ ಮಾತು ಅವರ ಕಿವಿಯ ಹತ್ತಿರವೂ ಸುಳಿಯಲಿಲ್ಲ. ಮಗುವಿನ ಹಿಂದೆ ಒಬ್ಬ ಹಿರಿಯರು ಗಡಿಯಾರ ಹಿಡಿದು ಕೂತು ಬರೆದುಕೊಳ್ಳುತ್ತಾರೆ ಎಂದರೆ ಅಪ್ಪನ ಲೋಕದಲ್ಲಿ ಅದಕ್ಕೆ ಒಂದೇ ಅರ್ಥ. ಮರುದಿನ ಸಂಜೆ ಅವರು ಎರಡು ಮನೆಗೂ ಸೇರಿದ ಹಳದಿ ಮುಚ್ಚಳದ ರದ್ದಿ ಬಿನ್ನನ್ನು ರಸ್ತೆಗೆ ಉರುಳಿಸಿಕೊಂಡು ಹೋದವರು ಐದು ನಿಮಿಷವಾದರೂ ಒಳಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಚೌಕುಳಿ ಹಾಳೆಗಳ ಒಂದು ಕಟ್ಟಿತ್ತು. ಅರಿಮೊತೊ ಅವರು ಪ್ರತಿ ಮಹಡಿಯನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು, ಕಂಪ್ಯೂಟರಿಗೆ ಸೇರಿಸಿ, ಹಾಳೆಯನ್ನು ಎಸೆದುಬಿಡುತ್ತಿದ್ದರು. ಅಪ್ಪನ ಕಣ್ಣು ಹೊಳೆಯುತ್ತಿತ್ತು. ಪ್ರಶ್ನೆಪತ್ರಿಕೆ ಕೈಗೆ ಸಿಕ್ಕವರ ಹೊಳಪು ಅದು.

ಶನಿವಾರ ಬೆಳಿಗ್ಗೆ ಇಡ್ಲಿಯ ನಂತರ ನನಗೆ ಪಾಠ. ಆಟದಲ್ಲಿದ್ದದ್ದು ಒಂದು ಮನೆ. ಒಬ್ಬ ಹುಡುಗಿ ಹೊರಗಿಂದ ಬಂದು ಕೋಣೆ ಕೋಣೆ ದಾಟಿ ಅಡುಗೆಮನೆ ಸೇರಬೇಕು. ಆದರೆ ಒಂದು ಬಾಗಿಲು ತೆರೆದಾಗಲೆಲ್ಲ ಆಚೆಯ ಕೋಣೆಗಳು ಜಾಗ ಬದಲಿಸುತ್ತವೆ. ಅಪ್ಪ ಅಳತೆಪಟ್ಟಿ ಇಟ್ಟು, ಬಣ್ಣದ ಪೆನ್ನಿನಲ್ಲಿ ದಾರಿ ಗೆರೆ ಎಳೆದು, ಅದನ್ನೆಲ್ಲ ಹನ್ನೊಂದು ಹೆಜ್ಜೆಗೆ ಇಳಿಸಿದ್ದರು.

“ಹೇಳು ಪುಟ್ಟಿ. ಫಸ್ಟ್ ಏನ್ಮಾಡ್ತೀಯಾ?”

“ಹೂಕುಂಡ ಸರಿಸ್ತೀನಿ. ಕೀ ತಗೋತೀನಿ.”

“ಆಮೇಲೆ?”

“ಲೆಫ್ಟ್ ಡೋರ್. ದೆನ್ ಮೆಟ್ಟಿಲು. ಅಪ್ಪಾ, ಇಟ್ಸ್ ಎ ಗೇಮ್!”

“ಗೇಮೋ ಗೀಮೋ, ಅವರ ಮುಂದೆ ಪೆಕರಿ ಥರ ಕೂತ್ಕೋಬಾರ್ದು. ಇನ್ನೊಂದ್ಸಲ ಹೇಳು.”

ಅರಿಮೊತೊ ಅವರ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಒಂದು ಕೆಟಲ್, ಒಂದು ಗಿಡ್ಡ ಸ್ಟೂಲು. ಸ್ಟೂಲು ಅವರಿಗೆ, ಕುರ್ಚಿ ನನಗೆ. ಆ ಮೊದಲ ಶನಿವಾರ ನಾನು ಅಡುಗೆಮನೆ ತಲುಪಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಹಿಂದೆ ಪೆನ್ಸಿಲ್ ಸದ್ದು ಮಾಡಲೇ ಇಲ್ಲ. ತಿರುಗಿದೆ. ಅವರು ಗಡಿಯಾರವನ್ನು ಅಲ್ಲಾಡಿಸಿ ಕಿವಿಗಿಟ್ಟುಕೊಂಡು ನೋಡಿದರು. ಆಮೇಲೆ ಎದ್ದು ನಿಂತು ನನಗೆ, ಹತ್ತು ವರ್ಷದವಳಿಗೆ, ತಲೆ ಬಾಗಿಸಿದರು. ಬಾರ್ಲಿ ಟೀ ಕೊಟ್ಟರು. ನನಗೆ ಅದರ ರುಚಿ ಹಿಡಿಸಲಿಲ್ಲ, ತಲೆ ಬಾಗಿಸಿದ್ದು ಮಾತ್ರ ಬಹಳ ಹಿಡಿಸಿತು. ಈ ಕಥೆಯಲ್ಲಿ ಅಪ್ಪನನ್ನು ಕಟಕಟೆಗೆ ಹತ್ತಿಸಿ ನಾನು ಕೆಳಗೆ ನಿಂತು ನೋಡಿದರೆ ಅದು ಸುಳ್ಳಾಗುತ್ತದೆ. ಎರಡನೆಯ ಶನಿವಾರದಿಂದ ಪಾಠಕ್ಕೆ ನಾನೇ ಮೊದಲು ಬಂದು ಕೂರುತ್ತಿದ್ದೆ.

ಆಟ ಬೇಗ ಮುಗಿಯುತ್ತಿದ್ದುದರಿಂದ ಉಳಿದ ಹೊತ್ತಿಗೆ ಅವರು ತಮ್ಮ ಬದುಕನ್ನು ತುಣುಕು ತುಣುಕಾಗಿ ಹೇಳುತ್ತಿದ್ದರು. ಹದಿನೆಂಟನೆಯ ವಯಸ್ಸಿಗೆ ತಗಡಿನ ಬೊಂಬೆಗಳಿಗೆ ಕಣ್ಣು ಬರೆಯುವ ಕೆಲಸಕ್ಕೆ ಸೇರಿದರಂತೆ. ದಿನಕ್ಕೆ ಅಷ್ಟು ಕಣ್ಣು ಬರೆದು ರಾತ್ರಿ ಕಣ್ಣು ಮುಚ್ಚಿದರೂ ಕಣ್ಣುಗಳೇ. ಬೊಂಬೆ ಕಂಪನಿ ಎಲೆಕ್ಟ್ರಾನಿಕ್ ಆಟಕ್ಕೆ ಇಳಿದಾಗ ಚೌಕುಳಿ ಹಾಳೆಯಲ್ಲಿ ಚೌಕ ತುಂಬಿಸಿ ಆಟದ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಒಂದು ಕಪ್ಪೆಗೆ ಒಟ್ಟು ಹದಿನಾರು ಚೌಕ ಅಗಲ. ಕಾಲು ಬರೆಯಲು ಜಾಗ ಸಾಲದೆ ಕೈಗೆ ಕೊಡೆ ಕೊಟ್ಟು ತೇಲಿಸಿಬಿಟ್ಟರಂತೆ. ಆ ಕಪ್ಪೆಯ ಆಟವೇ ಅವರನ್ನು ಮೇಲೆತ್ತಿತು. ಆಮೇಲೆ ಕಂಪನಿ ದೊಡ್ಡದಾಯಿತು, ಅವರ ಕೈಕೆಳಗೆ ನೂರಾರು ಜನ ಬಂದರು, ಅವರ ಕೆಲಸ ರಜೆ ಚೀಟಿಗೆ ಮುದ್ರೆ ಒತ್ತುವುದಾಯಿತು. ಹತ್ತು ವರ್ಷ ಪೆನ್ಸಿಲ್ ಮುಟ್ಟಲಿಲ್ಲ ಎಂದಾಗ ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಈ ಮನೆಯಾಟವನ್ನು ಅವರೊಬ್ಬರೇ ಮಾಡುತ್ತಿದ್ದರು, ಮೊದಲಿನ ಹಾಗೆ. ಮೊಮ್ಮಕ್ಕಳಿಗೆ ತೋರಿಸಬಾರದೇ ಎಂದು ಕೇಳಿದೆ. ನಾನು ಅವರ ಅಜ್ಜನಾದ್ದರಿಂದ ಸುಳ್ಳು ಹೇಳುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ನೀನು ಹೊರಗಿನವಳು, ನೀನು ಹಾಗೆ ಮಾಡುವುದಿಲ್ಲ ಎಂದರು. ನಾನು ಬಾರ್ಲಿ ಟೀಯನ್ನು ಒಂದೇ ಗುಟುಕಿಗೆ ಕುಡಿದೆ.

ವಾರ ವಾರವೂ ಆಟ ಕಠಿಣವಾಗುತ್ತ ಹೋಯಿತು. ಬಾಗಿಲಿಗೆ ಎರಡು ಕೀಲಿ, ಮೆಟ್ಟಿಲು ಹತ್ತಿದರೆ ನೆಲಮಾಳಿಗೆ. ಅಪ್ಪನಿಗೆ ಹಬ್ಬ. ‘ಮುದುಕ ಟಫ್ ಮಾಡ್ತಿದಾನೆ’ ಎಂದು ಆಫೀಸಿನ ಕ್ಯಾಲ್ಕುಲೇಟರ್ ತೆಗೆಯುತ್ತಿದ್ದರು. ಹತ್ತನೆಯದೋ ಹನ್ನೊಂದನೆಯದೋ ವಾರ, ಬುಧವಾರದ ಊಟಕ್ಕೆ ಬಂದ ಅರಿಮೊತೊ ಅವರ ಕೊರಳಪಟ್ಟಿ ಸಡಿಲವಾಗಿತ್ತು. ಅನ್ನ ಬಡಿಸಿಕೊಳ್ಳಲಿಲ್ಲ. ನಿಮ್ಮ ಮಗಳು ನನ್ನ ಆಟದಲ್ಲಿ ತನ್ನ ಸ್ವಂತ ಮನೆಯಲ್ಲಿ ಓಡಾಡಿದ ಹಾಗೆ ಓಡಾಡುತ್ತಾಳೆ, ಎಲ್ಲೂ ನಿಲ್ಲುವುದಿಲ್ಲ, ನನಗೆ ವಯಸ್ಸಾಯಿತು, ಮೊದಲಿಂದ ಮತ್ತೆ ಬರೆಯುತ್ತಿದ್ದೇನೆ ಎಂದರು. ಅವರು ಹೋದ ಮೇಲೆ ಅಮ್ಮ ಪಾತ್ರೆ ಸಿಂಕಿಗೆ ಎತ್ತಿಹಾಕಿದ ಸದ್ದಿಗೆ ನಾನು ಕೋಣೆಯ ಬಾಗಿಲಲ್ಲೇ ನಿಂತೆ.

“ರೀ, ಏನ್ರೀ ಮಾಡ್ತಿದ್ದೀರಿ ನೀವು? ಅವರು ಮಗೂಗೆ ಪರೀಕ್ಷೆ ಇಟ್ಟಿಲ್ಲ. ಆಟ ಹೇಗಿದೆ ಅಂತ ನೋಡ್ತಿರೋದು. ಎಲ್ಲಿ ತಪ್ಪಿದೆ ಅಂತ ಯಾರಾದ್ರೂ ಹೇಳಿದ್ರೆ ತಾನೇ ಸರಿಮಾಡೋದು?”

“ನಾನೇನ್ ಕದ್ದಿದೀನಾ? ಬಿನ್‌ಗೆ ಹಾಕಿದ ಪೇಪರ್ ತಾನೇ?”

“ಹೋಗಿ ಹೇಳ್ಬಿಟ್ಟು ಬನ್ನಿ.”

“ಏನಂತ ಹೇಳ್ಲಿ? ಇಷ್ಟು ವಾರ ನಿಮಗೆ ಮೋಸ ಮಾಡಿದ್ವಿ ಅಂತಾನಾ? ಅವರು ಮಗು ಮುಖ ನೋಡ್ತಾರಾ ಆಮೇಲೆ? ನೀನು ನಿನ್ನ ಎಕ್ಸಾಮ್ ನೋಡ್ಕೊ, ಇನ್ನು ಎಂಟು ದಿನ ಇದೆ.”

ಅಮ್ಮ ಪುಸ್ತಕ ತೆರೆದಳು. ಎಂಟು ದಿನ ಎಂಬ ಮಾತಿನ ಮುಂದೆ ಆ ಮನೆಯಲ್ಲಿ ಯಾವ ನ್ಯಾಯವೂ ನಿಲ್ಲುತ್ತಿರಲಿಲ್ಲ. ಅವಳು ಪರೀಕ್ಷೆ ಬರೆದಳು, ಈ ಸಲ ಪಾಸಾದಳು. ಕುಕ್ಕರ್ ಕೂಗುತ್ತಿದ್ದಾಗ ಸುದ್ದಿ ಬಂತು, ಅಪ್ಪ ಅಳುತ್ತಲೇ ಸ್ಟೋವ್ ಆರಿಸಿದರು. ಅಡಿಲೇಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ, ಗ್ಯಾರೇಜಿನ ಡಬ್ಬಗಳು ಬಿಚ್ಚದೆಯೇ ಲಾರಿ ಹತ್ತಿದವು. ಹೊರಡುವ ದಿನ ಅರಿಮೊತೊ ಅವರು ಡ್ರೈವ್‌ವೇಯಲ್ಲಿ ನಿಂತು ಕಾರು ತಿರುಗುವವರೆಗೂ ತಲೆ ಬಾಗಿಸಿಯೇ ಇದ್ದರು. ಆಟ ಮುಗಿಯಿತು, ಮುಂದಿನ ವಾರ ಒಸಾಕಾಕ್ಕೆ ಕಳಿಸುತ್ತೇನೆ ಎಂದಿದ್ದರು. ನಾನು ಕಿಟಕಿ ಇಳಿಸಿ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ, ಅವರ ಕಣ್ಣಲ್ಲಿ ಜಾಣೆಯಾಗಿ ಉಳಿಯಬೇಕೆಂಬ ಆಸೆಯಿತ್ತು. ನುಲ್ಲಾರ್‌ಬರ್ ಬಯಲು ದಾಟುವವರೆಗೂ ನಾನು ಕಾರಿನಲ್ಲಿ ಸೀಟ್ ಬೆಲ್ಟ್ ಬಿಚ್ಚುತ್ತ ಹಾಕುತ್ತ ಅಪ್ಪನ ತಲೆ ಕೆಡಿಸಿದೆ.

ಅಡಿಲೇಡಿನ ಕಿಲ್ಬರ್ನ್‌ನ ಮನೆ ಹಳೆಯದು. ಮರದ ಹಲಗೆಯ ನೆಲ, ಯಾರು ಎಲ್ಲಿ ಹೋದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಅಲ್ಲಿನ ಮಾಲೀಕ ಮೊಳೆ ಹೊಡೆದುಕೊಳ್ಳಿ ಎಂದರೂ ಅಪ್ಪ ಹೊಡೆಯಲಿಲ್ಲ. ನಾನು ರಾಕ್ಷಸಿಯಾಗಿದ್ದೆ. ಹೋಮ್‌ವರ್ಕ್ ಹೇಳಿಕೊಡಲು ಅಪ್ಪ ಬಂದು ಕೂತರೆ ಪುಸ್ತಕ ಮುಚ್ಚುತ್ತಿದ್ದೆ. ಗಣಿತದಲ್ಲಿ ಬೇಕೆಂದೇ ತಪ್ಪು ಬರೆದು ಬಂದೆ. ಅವಳಿಗೆ ಹೊಸ ಜಾಗ ಹೊಂದಿಕೊಳ್ಳುತ್ತಿಲ್ಲ ಎಂದು ಅಪ್ಪ ಎಲ್ಲರಿಗೂ ಹೇಳಿದರು. ಅಮ್ಮ ನನ್ನನ್ನು ನೋಡುತ್ತಿದ್ದಳು, ಡ್ಯೂಟಿಗೆ ಹೋಗುತ್ತಿದ್ದಳು.

ನಾಲ್ಕು ತಿಂಗಳಾಗಿರಬೇಕು. ಒಂದು ಭಾನುವಾರ ಮಧ್ಯಾಹ್ನ ಬಿಸಿಬೇಳೆಬಾತ್ ತಿನ್ನುತ್ತಿದ್ದಾಗ ಅಪ್ಪನ ಮೊಬೈಲ್ ರಿಂಗಾಯಿತು. ಅರಿಮೊತೊ ಅವರು. ಅಪ್ಪ ಖುಷಿಯಾಗಿ ಸ್ಪೀಕರಿಗೆ ಹಾಕಿ ಫೋನನ್ನು ತುಪ್ಪದ ಗಿಂಡಿಗೆ ಒರಗಿಸಿದರು. ಕ್ಷೇಮಸಮಾಚಾರ ಮುಗಿಯಿತು. ಆಮೇಲೆ ಅವರು ಒಂದೊಂದೇ ಮಾತನ್ನು ಜೋಡಿಸಿ ಹೇಳಿದರು.

“ಕಂಪನಿ ಆಟವನ್ನು ಶಾಲೆ ಮಕ್ಕಳಿಗೆ ಕೊಟ್ಟು ನೋಡಿತು. ಯಾರೂ ಅಡುಗೆಮನೆ ತಲುಪಲಿಲ್ಲ. ಒಬ್ಬರೂ ಇಲ್ಲ. ಆಟ ಬೇಡ ಅಂದರು. ಮುಗಿಯಿತು. ನನ್ನದೇ ತಪ್ಪು. ನಿಮ್ಮ ಮಗಳು ಅಸಾಮಾನ್ಯ ಬುದ್ಧಿವಂತೆ. ಎಲ್ಲಾ ಮಕ್ಕಳೂ ಹಾಗೇ ಅಂದುಕೊಂಡೆ. ಅವಳ ಅಷ್ಟು ಶನಿವಾರಗಳನ್ನು ವ್ಯರ್ಥ ಮಾಡಿದೆ. ಕ್ಷಮೆ ಕೇಳೋಣ ಅಂತ ಫೋನ್ ಮಾಡಿದೆ.”

ಅಪ್ಪನ ಮುಖದಲ್ಲಿ ನಗು ಅರಳಿತು. ಅದನ್ನು ಬರೆಯಲು ಇಂದಿಗೂ ಕೈ ಹಿಂಜರಿಯುತ್ತದೆ. ಕೆಟ್ಟ ಮನುಷ್ಯರಲ್ಲ ಅವರು, ಬುದ್ಧಿವಂತೆ ಎಂಬ ಮಾತು ಮಾತ್ರ ಕೇಳಿಸಿತ್ತು.

“ನೋ ನೋ ಸರ್, ಡೋಂಟ್ ಸೇ ಸಾರಿ! ಶಿ ಈಸ್ ಲೈಕ್ ದಟ್ ಓನ್ಲಿ. ಫ್ರಮ್ ಚೈಲ್ಡ್‌ಹುಡ್ ವೆರಿ ಶಾರ್ಪ್...”

ಅಮ್ಮ ಸೌಟು ಕೆಳಗಿಟ್ಟಳು. ನಾನು ಎದ್ದೆ, ಕುರ್ಚಿ ಹಿಂದಕ್ಕೆ ಬಿತ್ತು. ತುಪ್ಪದ ಕೈಯಲ್ಲೇ ಫೋನ್ ಕಿತ್ತುಕೊಂಡು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದೆ. ನಾನು ಬುದ್ಧಿವಂತೆಯಲ್ಲ, ನಿಮ್ಮ ಹಾಳೆ ಬಿನ್ನಿನಲ್ಲಿತ್ತು, ಬೆಳಿಗ್ಗೆಯೇ ದಾರಿ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದೆ, ಪ್ರತಿ ಶನಿವಾರ, ಎಲ್ಲಾ ಶನಿವಾರ. ಅಪ್ಪ ಹೇಳಿಕೊಟ್ಟರು ಎಂಬುದು ಬಾಯಿಗೆ ಬಂದಿತ್ತು, ಅವರ ಮುಖ ನೋಡಿ ನುಂಗಿಕೊಂಡೆ. ಆದರೆ ಅವರೇ ಮುಂದೆ ಬಾಗಿ ಫೋನಿಗೆ ಹೇಳಿದರು.

“ಐ ಟಾಟ್ ಹರ್, ಸರ್. ಇಟ್ ವಾಸ್ ಮಿ.”

ಅರಿಮೊತೊ ಅವರು ಬೈದರೆ ಸಾಕಿತ್ತು. ಫೋನ್ ಇಟ್ಟುಬಿಟ್ಟಿದ್ದರೂ ಸಾಕಿತ್ತು. ನಾನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೆ, ಹಲಗೆ ಕಿರುಗುಟ್ಟುತ್ತಿತ್ತು. ಕೊನೆಗೆ ಅವರ ದನಿ ಬಂತು. ಅದರಲ್ಲಿ ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ, ಅವಸರವಿತ್ತು.

“ಸ್ಮಿತಾ. ಒಂದು ಸಲವೂ ನೀನಾಗಿ ಆಡಲಿಲ್ಲವಾ?”

“ಒಂದು ಸಲ. ಫಸ್ಟ್ ಡೇ, ನೀವು ಗಡಿಯಾರ ಶುರುಮಾಡೋಕೆ ಮುಂಚೆ. ನೀವು ಕೆಟಲ್‌ಗೆ ನೀರು ತರೋಕೆ ಹೋಗಿದ್ರಿ. ಹೇಳಿಕೊಟ್ಟದ್ದು ಬೇಡ, ನಾನೇ ಆಡೋಣ ಅಂತ ಶುರುಮಾಡಿದೆ.”

“ಎಲ್ಲಿ ನಿಂತೆ?”

“ಮೊದಲನೇ ಬಾಗಿಲಲ್ಲೇ.”

“ಇರು. ಇಡಬೇಡ. ಪೆನ್ಸಿಲ್ ತರ್ತೀನಿ.”

ಕಂಪನಿ ಬೇಡವೆಂದಾಗಿತ್ತು. ಆ ಆಟ ಯಾವ ಅಂಗಡಿಗೂ ಬರುವಂತಿರಲಿಲ್ಲ, ಬರಲೂ ಇಲ್ಲ. ಆದರೂ ಆ ಮುದುಕರು ಕೋಣೆಯಲ್ಲಿ ಏನನ್ನೋ ಸರಿಸಿ, ಏನನ್ನೋ ಬೀಳಿಸಿ, ಹಾಳೆ ಹುಡುಕುವುದು ನಮ್ಮ ಮೂವರಿಗೂ ಕೇಳುತ್ತಿತ್ತು. ಅಪ್ಪ ಬಿದ್ದ ಕುರ್ಚಿಯನ್ನು ಎತ್ತಿ ನನ್ನ ಹಿಂದೆ ಇಟ್ಟರು. ನಾನು ಕೂತೆ.

“ಹೇಳು. ಬಾಗಿಲ ಮುಂದೆ ನಿಂತೆ. ಏನು ಮಾಡಿದೆ?”

“ಬೆಲ್ ಒತ್ತಿದೆ.”

“ಬೆಲ್ ಚಿತ್ರ ಮಾತ್ರ. ಅದು ಏನೂ ಮಾಡಲ್ಲ. ಎಷ್ಟು ಸಲ ಒತ್ತಿದೆ?”

“ತುಂಬಾ ಸಲ. ಒಳಗಿಂದ ಯಾರಾದ್ರೂ ಬಂದು ತೆಗೀತಾರೆ ಅಂತ ಕಾದೆ.”

ಪೆನ್ಸಿಲ್ ನಿಂತಿತು. ಒಂಟಿಯಾಗಿ ಬಾಳುತ್ತಿದ್ದ ಆ ಮನುಷ್ಯರಿಗೆ, ಮಗು ಒಳಗಿಂದ ಯಾರಾದರೂ ಬರಲಿ ಎಂದು ಕಾಯುತ್ತದೆ ಎಂಬುದು ಹೊಳೆದೇ ಇರಲಿಲ್ಲ ಎಂದು ಈಗ, ನಾನೂ ಬ್ರಿಸ್ಬೇನಿನಲ್ಲಿ ಇದೇ ಕೆಲಸ ಮಾಡುತ್ತ, ಆಡುವ ಮಕ್ಕಳ ಹಿಂದೆ ಬಾಯಿ ಬಿಗಿಹಿಡಿದು ಕೂರುವಾಗ ಅನ್ನಿಸುತ್ತದೆ. ಆ ಹೊತ್ತಿಗೆ ನನಗೆ ಗೊತ್ತಿದ್ದದ್ದು ಅವರು ಮುಂದಿನ ಪ್ರಶ್ನೆ ಕೇಳುತ್ತಾರೆ ಎಂಬುದಷ್ಟೇ.

“ಯಾರೂ ಬರಲಿಲ್ಲ. ಆಗ ನಿನಗೆ ಏನನ್ನಿಸಿತು?”

ನಾನು ಅಭ್ಯಾಸಬಲದಿಂದ ಅಪ್ಪನ ಮುಖ ನೋಡಿದೆ. ಅವರಿಗೆ ಇದರ ಉತ್ತರ ಗೊತ್ತಿರಲಿಲ್ಲ. ನಾನೇ ಹೇಳಬೇಕಿತ್ತು.

“ಭಯ ಆಯ್ತು” ಎಂದೆ. “ಈ ಮನೇಲಿ ಯಾರೂ ಇಲ್ಲ ಅನ್ನಿಸ್ತು.”

ಆಚೆ ಪೆನ್ಸಿಲ್ ಮತ್ತೆ ಹರಿದಾಡತೊಡಗಿತು.